ಕಾಯುವ ವಿಮಾನ

ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ನನ್ನ ಕೈಲಿದ್ದ ಆಯುಧ ಒಂದೇ ಒಂದು: "ಲೇ, ರೈಲು ನಮಗೋಸ್ಕರ ಕಾಯೋದಿಲ್ಲ!" ರೈಲಿನ ಜಾಗದಲ್ಲಿ ಕೆಲವೊಮ್ಮೆ ಬಸ್ಸು, ಕೆಲವೊಮ್ಮೆ ಡಾಕ್ಟರು, ಕೆಲವೊಮ್ಮೆ ಸಿನಿಮಾ ಬರುತ್ತಿತ್ತು. ಕಾಯದಿರುವುದು ಮಾತ್ರ ಎಲ್ಲಕ್ಕೂ ಸಮಾನ. ಆ ಆಯುಧವನ್ನು ನನ್ನ ಭಾವಮೈದ ಒಂದೇ ಫೋನಿನಲ್ಲಿ ಮುರಿದು ನನ್ನ ಕೈಗಿಟ್ಟ.

ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳಬೇಕು. ನಾನು ರಸಾಯನಶಾಸ್ತ್ರದ ಪದವೀಧರ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ತಗಡಿನ ಮೇಲೆ ಬಳಿದ ಬಣ್ಣ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನೋಡುತ್ತ ಕೂರುವುದು ನನ್ನ ಕೆಲಸ. (ಇದಕ್ಕೆ ಸಂಬಳ ಕೊಡುತ್ತಾರೆಯೇ ಎಂದು ಅತ್ತೆ ಮದುವೆಗೆ ಮುಂಚೆ ವಿಚಾರಿಸಿದ್ದರು.) ಹೀಗಾಗಿ ಕಾಲವೆಂದರೆ ನನಗೆ ದೇವರಿಗಿಂತ ಒಂದು ಕೈ ಹೆಚ್ಚು. ಎಲ್ಲಿಗೆ ಹೊರಟರೂ ನಾನು ಸಾಮಾನಿನೊಂದಿಗೆ ಮುಂಚಿತವಾಗಿ ಹೋಗಿ ಕ್ಯೂನಲ್ಲಿ ಜಾಗ ಹಿಡಿಯುತ್ತೇನೆ. ನನ್ನವಳು ಬಾಗಿಲಿಗೆ ಬೀಗ ಹಾಕಿ, ಬೀಗ ತೆಗೆದು, ಗ್ಯಾಸ್ ನೋಡಿ, ಬೀಗ ಹಾಕಿ, ಮತ್ತೆ ತೆಗೆದು, ನಲ್ಲಿ ನೋಡಿ, ಕೊನೆಯ ಗಳಿಗೆಯಲ್ಲಿ ಏದುಸಿರು ಬಿಡುತ್ತ ಬರುತ್ತಾಳೆ. ಇದು ನಮ್ಮ ದಾಂಪತ್ಯದ ವೇಳಾಪಟ್ಟಿ.

ಭಾವಮೈದನದು ಬಾಟಲಿ ಮುಚ್ಚಳದ ಕಾರ್ಖಾನೆ. ಜಗತ್ತು ಏನನ್ನು ಕುಡಿದರೂ ಮೊದಲು ಅವನ ಮುಚ್ಚಳ ತೆಗೆಯಬೇಕು, ಹಾಗಾಗಿ ಚೆನ್ನಾಗಿದ್ದಾನೆ. ಅವನ ತಾಯಿ, ಎಂದರೆ ನಮ್ಮ ಅತ್ತೆ, ನಮ್ಮ ಮನೆಯಲ್ಲೇ ಇದ್ದಾರೆ. ಎಂಬತ್ತು ದಾಟಿದೆ. ಅವರ ಆಸೆ ಒಂದೇ, ಒಮ್ಮೆ ಹಿಮವನ್ನು ಕೈಯಿಂದ ಮುಟ್ಟಬೇಕು. ತೀರಿಹೋದ ಮಾವನವರು "ಬರೋ ವರ್ಷ ನೋಡೋಣ" ಎನ್ನುತ್ತಲೇ ಜೀವಮಾನ ಕಳೆದಿದ್ದರು. ಈಗ ಅತ್ತೆಯ ಮಂಡಿಗೆ ಆಪರೇಷನ್ ಗೊತ್ತಾಗಿತ್ತು. ಅದಾದ ಮೇಲೆ ಬೆಟ್ಟಗಿಟ್ಟದ ಮಾತೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಸ್ಸಿನ ಕುಲುಕಾಟ ಅವರಿಗೆ ಆಗದು, ಕಾರಿನಲ್ಲಿ ಎರಡು ದಿನ ಕೂರಲೂ ಆಗದು. ಆದ್ದರಿಂದ ಮಗ ಒಂದು ಪುಟ್ಟ ಜೆಟ್ ವಿಮಾನವನ್ನೇ ಬಾಡಿಗೆಗೆ ಗೊತ್ತುಮಾಡಿದ, ನಾವು ಟ್ಯಾಕ್ಸಿ ಮಾಡಿದ ಹಾಗೆ.

"ಭಾವ, ಸ್ಕೀ ರೆಸಾರ್ಟು. ನಾನು ಆಗಲೇ ಇಲ್ಲಿ ಬಂದಿದೀನಿ. ಹೋಟೆಲಿನ ಬಾಗಿಲು ತೆಗೆದ್ರೆ ಹಿಮ. ಜನ ಕಾಲಿಗೆ ಹಲಗೆ ಕಟ್ಕೊಂಡು ಸೊಯ್ಯಂತ ಜಾರ್ತಾರೆ."

ಅತ್ತೆ ಸ್ಪೀಕರಿಗೆ ಹಾಕಿದ್ದ ಫೋನಿನ ಹತ್ತಿರ ಬಗ್ಗಿ, "ಬಚ್ಚಲಲ್ಲಿ ಪುಕ್ಕಟೆ ಜಾರಿದ್ದಕ್ಕೇ ಆರು ವಾರ ಮಲಗಿದ್ದೆ ಕಣೋ. ಇದಕ್ಕೆ ವಿಮಾನ ಬೇರೆ ಮಾಡ್ಕೊಂಡು ಬರಬೇಕಾ?" ಎಂದರು.

"ನೀನು ಜಾರಬೇಡಮ್ಮ, ಮುಟ್ಟು ಸಾಕು."

ನಾನು ಮುಖ್ಯ ವಿಷಯಕ್ಕೆ ಬಂದೆ. "ವಿಮಾನ ಎಷ್ಟು ಗಂಟೆಗೆ?"

"ನೀವು ಎಷ್ಟು ಗಂಟೆಗೆ ಹೋದ್ರೆ ಅಷ್ಟು ಗಂಟೆಗೆ, ಭಾವ."

"ಅದು ಸರಿ. ಹೊರಡೋ ಟೈಮು?"

"ಅದೇ ಹೇಳಿದ್ನಲ್ಲ, ನೀವು ಹತ್ತಿದ ಮೇಲೆ."

"ನಾವು ಹತ್ತದಿದ್ರೆ?"

"ಕಾಯುತ್ತೆ."

ನನ್ನವಳು ತರಕಾರಿ ಚಾಕು ಕೆಳಗಿಟ್ಟು ಎದ್ದು ಬಂದಳು. "ಏನಂದೆ? ನಾನು ಒಂದು ಗಂಟೆ ತಡ ಮಾಡಿದ್ರೂ ಕಾಯುತ್ತಾ?"

"ಕಾಯುತ್ತೆ ಅಕ್ಕ. ಅವರ ಕೆಲಸವೇ ಅದು. ಒಂದೇ ಷರತ್ತು, ಹನ್ನೆರಡಕ್ಕೆ ಮುಂಚೆ ಮೇಲೇಳಬೇಕಂತೆ. ಆಮೇಲೆ ಇಲ್ಲಿ ಬೆಟ್ಟದ ಗಾಳಿ ಜೋರು, ಇಳಿಯೋಕೆ ಬಿಡಲ್ಲ. ನಾಳಿದ್ದು ಈ ಸೀಸನ್ನೂ ಮುಗಿಯುತ್ತೆ."

ಅವಳು ನನ್ನತ್ತ ತಿರುಗಿ ನಕ್ಕ ನಗೆಯನ್ನು ನಾನು ವರ್ಣಿಸಲಾರೆ. ಸೆರೆಮನೆಯ ಬಾಗಿಲು ತೆರೆದಾಗ ಹಳೆಯ ಕೈದಿ ಜೈಲರನ ಕಡೆ ನೋಡಿ ಹಾಗೆ ನಗಬಹುದು. ನಾನು ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ "ಹನ್ನೆರಡು" ಎಂಬ ಒಂದು ಪದವನ್ನು ಹಿಡಿದುಕೊಂಡೆ.

ಹೊರಡುವ ದಿನ ಬೆಳಕು ಹರಿಯುತ್ತಲೇ ಟ್ಯಾಕ್ಸಿಗೆ ಸಾಮಾನೆಲ್ಲ ಏರಿಸಿದೆ. ಮೂವರ ಸ್ವೆಟರು, ಕೋಟು, ಕೈಗವಸು, ಅತ್ತೆಯ ಉಣ್ಣೆಯ ಟೋಪಿ, ಎಲ್ಲ ಎರಡು ಪೆಟ್ಟಿಗೆಯಲ್ಲಿ.

"ರೀ, ವಿಮಾನವೇ ನಮ್ಮದು. ಯಾರಿಗಿಂತ ಮುಂಚೆ ಜಾಗ ಹಿಡೀತೀರಿ?" ಎಂದು ನನ್ನವಳು ಬಾಗಿಲಲ್ಲಿ ಹಲ್ಲುಜ್ಜುತ್ತ ಕೇಳಿದಳು.

"ಏರ್‌ಪೋರ್ಟು ಅಂದ್ಮೇಲೆ ಕ್ಯೂ ಅನ್ನೋದು ಇದ್ದೇ ಇರುತ್ತೆ. ನೀನು ಹನ್ನೊಂದರೊಳಗೆ ಅಮ್ಮನ್ನ ಕರ್ಕೊಂಡು ಬಾ, ಪುಣ್ಯ ಕಟ್ಕೋ."

ತಪಾಸಣೆಯ ಜಾಗದಲ್ಲಿ ಜನ ಬೆಲ್ಟು, ಗಡಿಯಾರ, ಬೀಗದ ಕೈ, ಫೋನು ಎಂದು ಒಂದೊಂದೇ ಬಿಚ್ಚುತ್ತ ಹಿಂದಿದ್ದವರ ಕಾಲ ಹಾಳುಮಾಡುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ನಾನು ಅವನ್ನೆಲ್ಲ ಮನೆಯಲ್ಲೇ ಬಿಚ್ಚಿ, ಸ್ವೆಟರುಗಳ ಮಧ್ಯೆ ಭದ್ರವಾಗಿ ಇಟ್ಟಿದ್ದೆ. ಇದರಿಂದ ಉಳಿಯುವ ಸಮಯ ಸುಮಾರು ಎರಡು ನಿಮಿಷ. ಒಂದು ಕೈ ಸದಾ ಪ್ಯಾಂಟಿನ ಮೇಲಿರಬೇಕು ಎಂಬುದು ಆಮೇಲೆ ಹೊಳೆದ ಅಡ್ಡಪರಿಣಾಮ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಸಂದರ್ಶಕರ ಚೀಟಿ ಕೊಂಡು ಒಳಗೆ ಹೋದೆ. ದೊಡ್ಡ ಹಲಗೆಯಲ್ಲಿ ಊರುಗಳ ಹೆಸರು ಓಡುತ್ತಿದ್ದವು. ನಮ್ಮ ಬೆಟ್ಟದ ಹೆಸರು ಕಾಣಲಿಲ್ಲ. ಇರಲಿ, ಇಷ್ಟು ಬೇಗ ಹಾಕಿರಲಿಕ್ಕಿಲ್ಲ. ಯಾವ ಸಾಲಿನಲ್ಲಿ ನಿಲ್ಲಬೇಕು? ಗಲಿಬಿಲಿಯಾದಾಗ ವಿಜ್ಞಾನದ ವಿದ್ಯಾರ್ಥಿ ಗಮನಿಸುತ್ತಾನೆ, ತರ್ಕಿಸುತ್ತಾನೆ, ನಿರ್ಧರಿಸುತ್ತಾನೆ. ಹಿಮದ ಕಡೆ ಹೋಗುವವರು ದಪ್ಪ ಕೋಟು ಹಾಕಿರುತ್ತಾರೆ. ಇನ್ನೂ ತೆರೆಯದ ಒಂದು ಕೌಂಟರಿನ ಮುಂದೆ ಅಡಿಯಿಂದ ಮುಡಿಯವರೆಗೆ ಕೋಟು ತೊಟ್ಟ ದೊಡ್ಡದೊಂದು ಗುಂಪು ನಿಂತಿತ್ತು. ಕೆಲವರು ಎರಡೆರಡು ಕೋಟು ಹಾಕಿದ್ದರು. ಪುರಾವೆ ಇದಕ್ಕಿಂತ ಬೇಕೆ? ನಾನು ಸಾಲು ಸೇರಿ ನಿಶ್ಚಿಂತನಾದೆ.

ಕೌಂಟರು ತೆರೆಯಿತು. ಸಾಲು ಮಾತ್ರ ಬಸವನಹುಳುವಿಗೆ ಗುರುವಾಗುವಂತೆ ತೆವಳಿತು. ಎಲ್ಲಿಂದಲೋ ಒಂದು ಫೋನು ಮತ್ತೆ ಮತ್ತೆ ಸಣ್ಣಗೆ ಕೂಗುತ್ತಿತ್ತು. "ಜನಕ್ಕೆ ಒಂದು ಫೋನು ಎತ್ತೋ ತಾಳ್ಮೆ ಇಲ್ಲ ನೋಡಿ," ಎಂದು ಮುಂದಿದ್ದ ಕೋಟಿನ ಮಹಾಶಯರಿಗೆ ಹೇಳಿದೆ. ಅವರ ಹಣೆಯಿಂದ ಬೆವರು ಹನಿಯುತ್ತಿತ್ತು.

"ಅಲ್ಲಿ ತುಂಬ ಚಳಿಯೇನು?" ಎಂದು ಕೇಳಿದೆ.

"ಎಲ್ಲಿ?"

"ನಾವು ಹೋಗೋ ಕಡೆ."

"ಅಯ್ಯೋ, ಸಮುದ್ರದ ದಂಡೆ ಸ್ವಾಮಿ, ಬೆಂಕಿ ಬಿಸಿಲು! ಪೆಟ್ಟಿಗೆ ತೂಕ ಜಾಸ್ತಿ ಅಂತ ಜಗಳ ಆಡ್ತಾರಲ್ಲ, ಅದಕ್ಕೇ ಬಟ್ಟೆ ಎಲ್ಲಾ ಮೈಮೇಲೆ ಹಾಕ್ಕೊಂಡಿದೀವಿ."

ನನ್ನ ತರ್ಕ ನೆಲಕಚ್ಚಿತು. ಆದರೆ ಅಷ್ಟರಲ್ಲಿ ನನ್ನ ಸರದಿ ಬಂದಿತ್ತು, ಮತ್ತು ಬಂದ ಸರದಿಯನ್ನು ಬಿಟ್ಟುಕೊಡುವುದು ನನ್ನ ರಕ್ತದಲ್ಲಿಲ್ಲ.

"ಟಿಕೆಟ್?" ಎಂದಳು ಕೌಂಟರಿನ ಹುಡುಗಿ.

"ಟಿಕೆಟ್ ಇಲ್ಲಮ್ಮ."

"ವಿಮಾನದ ನಂಬರ್?"

"ಗೊತ್ತಿಲ್ಲ."

"ಎಷ್ಟು ಗಂಟೆಗೆ ಹೊರಡುತ್ತೆ?"

"ನಾವು ಹತ್ತಿದಾಗ."

"ಯಾವ ಕಂಪನಿ ಸರ್?"

"ಬಾಟಲಿ ಮುಚ್ಚಳದ ಕಂಪನಿ."

ಅವಳು ನನ್ನ ಮುಖ ನೋಡಿದಳು, ಪ್ಯಾಂಟು ಹಿಡಿದ ಕೈ ನೋಡಿದಳು, ಮತ್ತೆ ಮುಖ ನೋಡಿದಳು. "ಸರ್, ಮನೆಯವರು ಯಾರಾದ್ರೂ ಜೊತೆಗಿದಾರಾ?" ಎಂದು ಬಹಳ ಮೃದುವಾಗಿ ಕೇಳಿದಳು. ಆ ಮೃದುತ್ವ ಬೈಗುಳಕ್ಕಿಂತ ಜೋರಾಗಿ ತಾಗಿತು.

"ನೋಡಮ್ಮ, ವಿಮಾನವೇ ನಮ್ಮದು. ಬಾಡಿಗೆಗೆ ಮಾಡಿದೀವಿ."

"ಓ! ಅದಾ? ಅದು ಇಲ್ಲಿಂದ ಅಲ್ಲ ಸರ್. ಅವಕ್ಕೆ ಬೇರೆ ಗೇಟು," ಎಂದು ಅವಳು ಗಾಜಿನ ಗೋಡೆಯಾಚೆ ಕೈ ತೋರಿಸಿದಳು. ವಿಸ್ತಾರವಾದ ರನ್‌ವೇಯ ಆ ಬದಿಯಲ್ಲಿ ಒಂದು ಸಣ್ಣ ಕಟ್ಟಡ, ಅದರ ಮುಂದೆ ಆಟದ ಸಾಮಾನಿನಂಥ ಬಿಳಿಯ ವಿಮಾನ. "ರಸ್ತೆ ಮೇಲೆ ಪೂರ್ತಿ ಸುತ್ತಿ ಹೋಗಬೇಕು. ಈ ಹೊತ್ತಲ್ಲಿ ಒಂದು ಗಂಟೆ ಆಗುತ್ತೆ. ಮತ್ತೆ ಸರ್, ನಿಮ್ಮ ಪೆಟ್ಟಿಗೆ ಆಗಿನಿಂದ ಕೂಗ್ತಾ ಇದೆ."

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಕಾಲು ಗಂಟೆಯಿತ್ತು. ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಸ್ವೆಟರುಗಳನ್ನು ತೋಡಿ, ಫೋನನ್ನು ಅತ್ತೆಯ ಟೋಪಿಯೊಳಗಿಂದ ಹೊರತೆಗೆದೆ.

"ರೀ! ಎಲ್ಲಿ ಹಾಳಾಗಿ ಹೋದ್ರಿ?"

"ಏರ್‌ಪೋರ್ಟಲ್ಲಿದೀನಿ. ನೀನು ಇನ್ನೂ ಮನೆ ಬಿಟ್ಟಿಲ್ವಾ?"

"ಮನೇನಾ? ಹತ್ತು ಗಂಟೆಗೇ ಬಂದು ಕೂತಿದೀವಿ! ವಿಮಾನದ ಕ್ಯಾಪ್ಟನ್ನು ಬೆಳಗ್ಗೆನೇ ಫೋನ್ ಮಾಡಿ ಗೇಟು ಎಲ್ಲಿ ಅಂತ ಹೇಳಿದ್ರು. ನೀವು ಹೋದ ಮೇಲೆ ಅವಸರ ಮಾಡೋರು ಯಾರೂ ಇರಲಿಲ್ಲ ನೋಡಿ, ಎಲ್ಲಾ ಬೇಗ ಬೇಗ ಆಗೋಯ್ತು."

ಈ ವಾಕ್ಯವನ್ನು ನಾನು ಇಂದಿಗೂ ಪೂರ್ತಿ ಅರಗಿಸಿಕೊಂಡಿಲ್ಲ.

ನಾನಿರುವ ಜಾಗ ಹೇಳಿದೆ. ಆ ಕಡೆ ಒಂದು ದೀರ್ಘ ಉಸಿರು ಕೇಳಿತು. ಬೈಗುಳ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ.

"ಕ್ಯಾಪ್ಟನ್ ಗಾಳಿ ಗಾಳಿ ಅಂತಿದಾರೆ. ಇರಿ, ಇನ್ನೊಂದು ಐದು ನಿಮಿಷ ಕಾಯಿರಿ ಅಂತ ಕೇಳ್ತೀನಿ. ನೀವು ಹೇಗಾದ್ರೂ ಬನ್ನಿ."

ಅವಳ ಐದು ನಿಮಿಷಗಳಿಗಾಗಿ ನಾನು ಅವಳನ್ನು ಎಷ್ಟು ಸಲ ಗದರಿಸಿದ್ದೇನೋ. ಈಗ ಅದನ್ನು ನನಗಾಗಿ ಬೇಡುತ್ತಿದ್ದಾಳೆ. ಗಾಜಿನಾಚೆ ಆ ಪುಟ್ಟ ವಿಮಾನದ ಮೆಟ್ಟಿಲ ಬುಡದಲ್ಲಿ ಇಬ್ಬರು ನಿಂತಿದ್ದರು. ಒಬ್ಬರ ಕೈಯಲ್ಲಿ ಊರುಗೋಲು.

"ಐದು ನಿಮಿಷಕ್ಕೆ ಆಗಲ್ಲ ಕಣೇ. ನೀವು ಹೊರಡಿ."

"ನಿಮ್ಮನ್ನ ಬಿಟ್ಟು?"

"ಹಿಮ ಮುಟ್ಟಬೇಕಾದ್ದು ಅವರು. ಫೋನು ಅಮ್ಮನ ಕೈಗೆ ಕೊಡು."

ಅತ್ತೆಯ ದನಿ ಬಂತು. "ಅಳಿಯಂದಿರೇ, ನೀವಿಲ್ದೆ ನಾನು ಹತ್ತೋದಿಲ್ಲ. ಸುಮ್ನೆ ಮನೆಗೆ ಹೋಗೋಣ. ನಿಮ್ಮ ಮಾವನೋರ ಜೊತೆ ಎಷ್ಟು ಸಲ ಹೊರಟು ವಾಪಸ್ ಬಂದಿಲ್ಲ ನಾನು?"

"ಅತ್ತೆ, ನೀವು ಮುಂದೆ ಹೋಗಿ. ಹಿಂದೇನೇ ಇನ್ನೊಂದು ಬರ್ತಾ ಇದೆ," ಎಂದೆ. (ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಬಸ್ ಸ್ಟ್ಯಾಂಡಿನ ಮಾತೇ ಬಾಯಿಗೆ ಬಂತು.)

ಅವರು ಯೋಚಿಸಿದರು. "ಅದು ರಶ್ ಇರುತ್ತಾ?"

"ಪೂರ್ತಿ ಖಾಲಿ ಅತ್ತೆ."

"ಹಾಗಾದ್ರೆ ಕಿಟಕಿ ಪಕ್ಕ ಕೂತ್ಕೊಳ್ಳಿ."

ಮೆಟ್ಟಿಲು ಹತ್ತಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಬಾಗಿಲು ಮುಚ್ಚಿತು, ವಿಮಾನ ಓಡಿತು, ಎದ್ದಿತು. ನಾನು ಎರಡೂ ಕೈ ಎತ್ತಿ ಬೀಸಿದೆ. ಅದು ತಪ್ಪಾಯಿತೆಂದು ಹಿಂದೆ ನಿಂತಿದ್ದ ಕೋಟಿನವರೆಲ್ಲ ಒಟ್ಟಾಗಿ ನಕ್ಕಾಗ ತಿಳಿಯಿತು.

ಮಧ್ಯಾಹ್ನವೇ ಎರಡು ಪೆಟ್ಟಿಗೆ ಎಳೆದುಕೊಂಡು ನಮ್ಮ ಬೀದಿಯಲ್ಲಿ ಇಳಿದೆ. ಎದುರುಮನೆಯ ಲಾಯರು ಗೇಟಿನಲ್ಲೇ ಹಿಡಿದರು. "ಆಗಲೇ ಹೋಗಿ ಬಂದ್ರಾ? ಸ್ವಂತ ವಿಮಾನ ಅಂದ್ರೆ ಹಾಗೆ ನೋಡಿ! ಹೇಗಿತ್ತು ಹಿಮ?"

"ನೆಲದ ಮೇಲೆ ಇತ್ತು," ಎಂದು ಹೇಳಿ ಒಳಗೆ ಹೋದೆ. ಬೀಗದ ಕೈ ಸ್ವೆಟರುಗಳ ಮಧ್ಯೆಯೇ ಇದ್ದದ್ದು ಅಂದಿನ ಒಂದೇ ಅದೃಷ್ಟ. ಸ್ವೆಟರುಗಳೂ ನನ್ನ ಬಳಿಯೇ ಇವೆ ಎಂಬುದು ಆಗ ಹೊಳೆಯಿತು.

ಮೂರನೆಯ ದಿನ ಅವರು ಬಂದರು. ನನ್ನವಳ ಮೈಮೇಲೆ ಕ್ಯಾಪ್ಟನ್ನರ ಕೋಟು, ಅತ್ತೆಯ ತಲೆಗೆ ಮಗನ ಮಫ್ಲರು. ಅತ್ತೆ ದಣಿದಿದ್ದರೂ ಮುಖ ಮಾತ್ರ ಮದುಮಗಳ ಹಾಗಿತ್ತು. ಎರಡು ಕೈಯಲ್ಲೂ ಹಿಮ ತುಂಬಿಕೊಂಡು, ಬೆರಳು ಮರಗಟ್ಟುವ ತನಕ ಬಿಡಲೊಲ್ಲದೆ ಕೂತಿದ್ದರಂತೆ. ಅವರು ಬಟ್ಟೆ ಬದಲಿಸಲು ಕೋಣೆಗೆ ಹೋದರು. ನನ್ನವಳು ಅಡುಗೆಮನೆಗೆ ಹೋಗಿ ಶುಂಠಿ ಟೀ ಮಾಡಿ ತಂದಳು. ಮೂರು ದಿನ ನನ್ನದೇ ಕೈಯ ಟೀ ಕುಡಿದು ಸೋತಿದ್ದ ನಾನು ಗಟಗಟನೆ ಕುಡಿದು ಮುಗಿಸಿದೆ.

ಅತ್ತೆ ಊರುಗೋಲು ಊರುತ್ತ ಹೊರಬಂದರು. "ಅಳಿಯಂದಿರೇ, ಬ್ಯಾಗಲ್ಲಿ ಫ್ಲಾಸ್ಕ್ ಇತ್ತಲ್ಲ, ತೆಗೆದು ನೋಡಿದ್ರಾ? ಪಾಪ, ನಿಮಗೆ ಸಿಗಲಿಲ್ವಲ್ಲ ಅಂತ, ನಾನೇ ಬಗ್ಗಿ ಬಗ್ಗಿ ತುಂಬಿಸ್ಕೊಂಡು ಬಂದೆ. ಕರಗಿರುತ್ತೆ ಅನ್ನಿ. ಆದ್ರೂ ಹಿಮ ಹಿಮವೇ."

ನನ್ನವಳು ನನ್ನ ಕಡೆ ನೋಡಿದಳು. ನಾನು ಖಾಲಿ ಲೋಟದ ಕಡೆ ನೋಡಿದೆ.

"ನಾನು... ಕುಡಿಯೋ ನೀರು ಉಳಿದಿದೆ ಅಂದ್ಕೊಂಡು..." ಎಂದು ಅವಳು ತುಟಿಯಲ್ಲೇ ಅಂದಳು.

"ಸಿಕ್ತು ಅತ್ತೆ," ಎಂದೆ.

"ಹೇಗಿತ್ತು? ನಿಜ ಹೇಳಿ!"

ನಾನು ಪರೀಕ್ಷಕ, ಮಾದರಿ ಕೈಗೆ ಬಂದ ಮೇಲೆ ವರದಿ ತಪ್ಪು ಕೊಡುವಂತಿಲ್ಲ.

"ಬಹಳ ಚೆನ್ನಾಗಿತ್ತು. ಶುಂಠಿ ಮಾತ್ರ ಸ್ವಲ್ಪ ಮುಂದಾಗಿತ್ತು."