ಎತ್ತಿನ ಹೊಟ್ಟೆಯೊಳಗಿನ ಡೈನಮೊ

ನನ್ನ ಸೋದರಮಾವ ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ! ನಾಚಿಕೆಯಿಂದಲ್ಲ, ಸೊಕ್ಕಿನಿಂದಲೂ ಅಲ್ಲ. ಮುಖದಲ್ಲಿ ನೋಡುವಂಥದ್ದು ಏನಿದೆ ಎಂಬುದು ಅವರ ಪ್ರಶ್ನೆ. ಎತ್ತಾಗಲಿ, ಟಗರಾಗಲಿ, ಬೀಗರಾಗಲಿ, ಎದುರಿಗೆ ಬಂದವರನ್ನು ಒಂದು ಸುತ್ತು ಹಾಕಿ, ತೊಡೆ ನೋಡಿ, ಮೀನಖಂಡ ನೋಡಿ, ಕಡೆಗೆ ಹೊಟ್ಟೆಯ ಮೇಲೆ ಕಣ್ಣು ನಿಲ್ಲಿಸಿ, "ಆರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ. ಆರಾಮ ಇದ್ದಾರೋ ಇಲ್ಲವೋ ಅಷ್ಟರಲ್ಲಿ ಅವರಿಗೇ ತಿಳಿದಿರುತ್ತಿತ್ತು.

ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಬದುಕಿದ್ದಾಗ ಅವರನ್ನು ನೋಡಿ ನಕ್ಕವರು ಬಹಳ ಮಂದಿ. ಅದರಲ್ಲಿ ಅರ್ಧ ನಗು ನನ್ನ ತಪ್ಪಿನಿಂದ ಹುಟ್ಟಿದ್ದು. ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ತಪ್ಪನ್ನು ಸುತ್ತಿ ಬಳಸಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಹಾಗಾಗಿ ನಡೆದದ್ದು ನಡೆದ ಹಾಗೆ ಹೇಳಿ ಹಗುರಾಗುತ್ತೇನೆ.

ಎಪ್ಪತ್ತರ ದಶಕದ ಆರಂಭ. ಮಾಮಾ ಬಸವನ ಬಾಗೇವಾಡಿಯ ಕಡೆ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್. ಇಂಗಳೇಶ್ವರದ ದಾರಿಯಲ್ಲಿರುವ ನಮ್ಮ ಊರಿನಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ದಿನಾ ಸೈಕಲ್ ತುಳಿದು ಹೋಗಿ ಬರುತ್ತಿದ್ದರು. ಮಕ್ಕಳಿರಲಿಲ್ಲ. ಇದ್ದದ್ದು ಒಂದು ಬಿಳಿ ಕಿಲಾರಿ ಎತ್ತು. ಕರುವಾಗಿದ್ದಾಗ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು ಅವರೇ. 'ಬಿಳಿಯಾ' ಎಂದು ಹೆಸರಿಟ್ಟು, ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ನಮ್ಮ ಕೆಂದೆತ್ತಿಗೆ ಜೋಡಿ ಮಾಡಿದ್ದರು. ಮೇವು, ನೀರು, ಉಳುಮೆ ನನ್ನದು. ವಿಜ್ಞಾನ ಮಾತ್ರ ಅವರದು!

ಆ ವಿಜ್ಞಾನದ ಬಗ್ಗೆ ಹೇಳಬೇಕು. ಇಂಡಿಯಲ್ಲಿ ನಮ್ಮ ಕಾಕಾನ ಮಗಳಿಗೆ ವರ ನೋಡಲು ಹೋದಾಗ, ಉಳಿದ ಹಿರಿಯರು ಹೊಲ, ನೌಕರಿ ಎಂದು ವಿಚಾರಿಸುತ್ತಿದ್ದರೆ ಮಾಮಾ ಹುಡುಗನನ್ನು ಎಬ್ಬಿಸಿದರು.

"ಒಂದೀಟು ಅಂಗಳದಾಗ ನಡದು ತೋರಸ್ರಿ."

ಪಾಪ, ಹುಡುಗ ನಡೆದ.

"ಎಡಗಾಲು ಎಳೀತಾನ," ಎಂದರು ಮಾಮಾ.

ಹುಡುಗನ ಅಪ್ಪ ಕೆರಳಿದ. "ನಾವೇನು ಸಂತ್ಯಾಗ ಎತ್ತು ಮಾರಾಕ ನಿಂತೀವೇನ್ರಿ?"

"ಎತ್ತಾಗಿದ್ರ ಬಾಯಿ ತಗದು ಹಲ್ಲೂ ನೋಡತಿದ್ನೆಲ್ರಿ! ಬೀಗರು ಅಂತ ಬಿಟ್ಟೇನಿ!"

ಸಂಬಂಧ ಅಲ್ಲಿಗೇ ಮುರಿಯಬೇಕಿತ್ತು. ಹುಡುಗನೇ ಮೆಲ್ಲಗೆ ಚಪ್ಪಲಿ ತಿರುಗಿಸಿ ತೋರಿಸಿದ. ಒಳಗೆ ಮೊಳೆ ಎದ್ದು ಹಿಮ್ಮಡಿಗೆ ಚುಚ್ಚುತ್ತಿತ್ತು. ಮದುವೆಯಾಯಿತು, ಚೆನ್ನಾಗಿದ್ದಾರೆ.

ಇನ್ನೊಂದು ಹುಚ್ಚೆಂದರೆ ಹೊಟ್ಟೆ. ದೇವರ ಹಿಪ್ಪರಗಿಯ ಸಂತೆಯಲ್ಲಿ ಮಾಂಸ ಮಾರುವವನೊಬ್ಬ ಇವರಿಗಾಗಿ ಕುರಿಯ ಹೊಟ್ಟೆಗಳನ್ನು ಎತ್ತಿಡುತ್ತಿದ್ದ. ಮಾಂಸವಿರಲಿ, ಉಳ್ಳಾಗಡ್ಡಿ ಸಹ ಎಣಿಸಿ ತಿನ್ನುವ ಮನೆತನದವರು ನಾವು! ಅಂಥ ಮನೆಯವರೊಬ್ಬರು ಕುರಿಯ ಹೊಟ್ಟೆಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದರೆ ಹೇಗಿರುತ್ತದೆ? ಕಂಡಕ್ಟರ್ ಮೂಗು ಮುಚ್ಚಿಕೊಂಡು ಕೇಳಿದ.

"ಏನೈತ್ರಿ ಡಬ್ಬ್ಯಾಗ?"

"ಹೊಟ್ಟಿ."

"ಯಾರದ್ರಿ?"

"ಕುರೀದು. ಅದಕ್ಕೂ ಟಿಕೀಟು ಹರೀತಿಯೇನು?"

"ಕುರಿ ಬಂದ್ರ ಅರ್ಧ ಟಿಕೀಟು ಹರೀತಿದ್ನಿ. ಹೊಟ್ಟಿ ಒಂದ ಬಂದ್ರ ಏನ್ ಹರಿಬೇಕು ನನಗ ಯಾರೂ ಕಲಿಸಿಲ್ರೀ!"

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆದು ಹಿತ್ತಲಿಗೆ ಕಳಿಸುತ್ತಿದ್ದರು. ಹಿತ್ತಲ ಕಲ್ಲಿನ ಮೇಲೆ ಹೊಟ್ಟೆಯನ್ನು ಬಿಡಿಸಿ ಮಾಮಾ ನನ್ನನ್ನು ಕರೆಯುತ್ತಿದ್ದರು. "ನೋಡು ಅಳಿಯಾ, ಈ ಚೀಲ ಜೇನುಗೂಡು ಇದ್ದಂಗ ಐತೆಲ್ಲ? ಭಾರದ್ದು ಏನ ನುಂಗಿದ್ರೂ ಇಲ್ಲೇ ಬಂದು ಬೀಳತೈತಿ. ಇಲ್ಲಿ ಮುಳ್ಳು ಚುಚ್ಚೈತಿ, ಸುತ್ತಲೂ ಮಾಂಸ ಗಟ್ಟಿಯಾಗಿ ಅದನ್ನ ಹಿಡಕೊಂಡೈತಿ. ಮೈ ಅನ್ನೋದು ಭಾಳ ಶ್ಯಾಣ್ಯಾ ಇರತೈತಿ." ನಾನು ಹೂಂ ಹೂಂ ಎನ್ನುತ್ತಾ ದೂರ ನಿಂತಿರುತ್ತಿದ್ದೆ.

ಇದೆಲ್ಲಕ್ಕಿಂತ ದೊಡ್ಡ ಪ್ರಯೋಗ ಬಿಳಿಯಾನ ಬಲದ ಅಳತೆ. ಚೀಲ ತೂಗುವ ಸ್ಪ್ರಿಂಗ್ ಕಾಟಾ ಒಂದನ್ನು ಎಲ್ಲಿಂದಲೋ ತಂದು, ಎತ್ತಿಗೂ ಒಂದು ದೊಡ್ಡ ಕಲ್ಲಿಗೂ ನಡುವೆ ಕಟ್ಟಿದ್ದರು. ಎತ್ತು ಕಲ್ಲು ಜಗ್ಗಿದಂತೆ ಕಾಟಾದ ಮುಳ್ಳು ತಿರುಗುತ್ತದೆ. ಅದನ್ನು ಓದಬೇಕಲ್ಲ? ಮಾಮಾ ಧೋತರ ಎತ್ತಿ ಕಟ್ಟಿ, ಸೊಂಟ ಬಗ್ಗಿಸಿ, ಕಾಟಾದ ಪಕ್ಕದಲ್ಲೇ ಓಡುತ್ತಿದ್ದರು. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು, "ಎತ್ತು, ಕಲ್ಲು, ಕಂಪೌಂಡರ್ ಮೂರರಾಗ ಯಾರು ಯಾರನ್ನ ಜಗ್ಗಾಕತ್ತಾರ ತಿಳೀವಲ್ದಲ್ಲೋ!" ಎನ್ನುತ್ತಿದ್ದರು.

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾಮಾ ಭಾನುವಾರ ಸಂಜೆಯೂ ಮಂಗಳವಾರ ಬೆಳಿಗ್ಗೆಯೂ ಅಳೆದು, ಮಂಗಳವಾರದ ಬಲವೇ ಹೆಚ್ಚು, ಸ್ನಾಯುವಿಗೆ ವಿಶ್ರಾಂತಿ ಬೇಕು ಎಂದು ಸಾರಿದರು. "ಇದನ್ನ ಕಂಡುಹಿಡಿಯಾಕ ಆರು ತಿಂಗಳು ಓಡ್ಯಾನ! ಕೇಳಿದ್ರ ನಮ್ಮಜ್ಜನ ಹೇಳತಿದ್ದ," ಎಂದು ಅದೇ ಹಿರಿಯರು ನಕ್ಕರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಾರಹುಣ್ಣಿಮೆಯ ಸಂಜೆ ನಮ್ಮಲ್ಲಿ ಎತ್ತುಗಳನ್ನು ಓಡಿಸಿ, ಊರ ಬಾಗಿಲಿಗೆ ಅಡ್ಡ ಕಟ್ಟಿದ ಸೊಪ್ಪಿನ ಹಗ್ಗ, ಅಂದರೆ ಕರಿ, ಹರಿಸುತ್ತಾರೆ. ಬಿಳಿ ಎತ್ತು ಮೊದಲು ಬಂದರೆ ಜೋಳ ಚೆನ್ನಾಗಿ ಬರುತ್ತದೆಂಬ ನಂಬಿಕೆ. ಓಟದ ಮೊದಲು ಎತ್ತಿಗೆ ಎಣ್ಣೆ, ಅರಿಶಿನ, ಕೋಳಿತತ್ತಿ ಕಲಸಿ ಗೊಟ್ಟದಲ್ಲಿ ಕುಡಿಸುವುದು ವಾಡಿಕೆ. ಗೊಟ್ಟವೆಂದರೆ ಒಂದು ತುದಿ ಮುಚ್ಚಿ, ಇನ್ನೊಂದು ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಮಾಮಾ ಆ ವರ್ಷ ಕಟ್ಟಪ್ಪಣೆ ಮಾಡಿದ್ದರು. "ಬಿಳಿಯಾಗ ಗೊಟ್ಟ ಹಾಕಬ್ಯಾಡ. ಎಣ್ಣಿ ಪುಪ್ಪಸಕ್ಕ ಇಳದ್ರ ಎತ್ತು ಹೋಗತೈತಿ. ಬಲ ತತ್ತ್ಯಾಗ ಇಲ್ಲ, ಸ್ನಾಯುದಾಗ ಐತಿ. ನಾ ಅಳದೇನಿ, ಅವನ ಮೊದಲ ಬರ್ತಾನ."

ನನಗೆ ಕಾಟಾದ ಮೇಲೆ ನಂಬಿಕೆ ಇರಲಿಲ್ಲ, ತತ್ತಿಯ ಮೇಲಿತ್ತು! ಮಾಮಾ ದವಾಖಾನೆಗೆ ಹೋದ ಹೊತ್ತು ನೋಡಿ ಅಟ್ಟದಿಂದ ಗೊಟ್ಟ ಇಳಿಸಿದೆ. ತಳದಲ್ಲಿ ಹಳೆಯ ಅರಿಶಿನ ಕಲ್ಲಿನಂತೆ ಗಟ್ಟಿಯಾಗಿತ್ತು. ಚೀಲ ಹೊಲಿಯುವ ದಬ್ಬಳ ತಂದು ಅದನ್ನು ಕೆರೆಯುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ, "ಚಾ ಆರಾಕತ್ತೈತಿ, ಬರ್ರೀ!" ಎಂದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ; ಕರೆದರೆ ಓಡಿ ಹೋಗುವ ಕಾಲ. ಹೋದೆ, ಚಹಾ ಕುಡಿದೆ, ಬಂದೆ. ಎಣ್ಣೆ ತತ್ತಿ ಸುರಿದು, ಬಿಳಿಯಾನ ಮುಖ ಎತ್ತಿ ಹಿಡಿದು, ಗೊಟ್ಟ ಖಾಲಿಯಾಗುವವರೆಗೆ ಕುಡಿಸಿದೆ.

ಅಂದು ಸಂಜೆ ಬಿಳಿಯಾನೇ ಮೊದಲು ಬಂದ! ಊರೆಲ್ಲ ಜೋಳ ಜೋಳ ಎಂದು ಕುಣಿಯಿತು. ಮಾಮಾ ನನ್ನ ಬೆನ್ನು ಚಪ್ಪರಿಸಿ, "ನೋಡಿದಿ? ಎಣ್ಣಿ ಇಲ್ಲ, ತತ್ತಿ ಇಲ್ಲ!" ಎಂದರು. ಅವರ ಆ ಸಂತೋಷದ ಎದುರು ನಾನು ಹೇಗೆ ಬಾಯಿ ಬಿಡಲಿ?

ಎರಡು ದಿನದ ಮೇಲೆ ಅಪ್ಪ ಬಿತ್ತನೆಯ ಚೀಲ ಹೊಲಿಯಲು ದಬ್ಬಳ ಕೇಳಿದರು. ಸಿಗಲಿಲ್ಲ. ಅದು ಸಾಮಾನ್ಯ ದಬ್ಬಳವಲ್ಲ. ಕಮ್ಮಾರನಿಂದ ಅಪ್ಪ ತುದಿ ಬಾಗಿಸಿ ಮಾಡಿಸಿದ್ದು. ಸುಗ್ಗಿಯಲ್ಲಿ ಓಣಿಯೆಲ್ಲ ಎರವಲು ಒಯ್ಯುತ್ತಿದ್ದದ್ದು. ಅಪ್ಪ ಮನೆಮನೆಗೆ ಹೋಗಿ ಕೇಳಿದರು. ಎಲ್ಲಿಟ್ಟಿದ್ದೆನೆಂದು ನನಗೆ ಆಗ ನೆನಪಾಯಿತು: ಗೊಟ್ಟದ ಒಳಗೇ.

ಮುಂದಿನ ವಾರ ಕಾಟಾದ ಮುಳ್ಳು ಇಳಿಯಿತು. ಅದರ ಮುಂದಿನ ವಾರ ಇನ್ನೂ ಇಳಿಯಿತು. ಬಿಳಿಯಾ ಬೆನ್ನು ಕಮಾನು ಮಾಡಿ, ಮುಂಗಾಲು ಅಗಲಿಸಿ ನಿಲ್ಲುತ್ತಿದ್ದ. ಇಳಿಜಾರು ಬಂದರೆ ನರಳುತ್ತಿದ್ದ. ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿದಳು. ಮಾಮಾ ನೋಡಿದ್ದೇ ಹೇಳಿದರು: "ದೃಷ್ಟಿ ಅಲ್ಲ ಅಕ್ಕಾ. ಹೊಟ್ಯಾಗ ಕಬ್ಬಿಣ ಐತಿ."

ಊರು ನಕ್ಕಿತು. ಎತ್ತು ಕಬ್ಬಿಣ ತಿನ್ನುತ್ತದೆಯೇ? ಮಾಮಾ ಹೈಸ್ಕೂಲಿನಿಂದ ದಿಕ್ಸೂಚಿ ಎರವಲು ತಂದು ಎತ್ತಿನ ಎದೆಯ ಕೆಳಗೆ ಹಿಡಿದರು. ಮುಳ್ಳು ಅಲುಗಿತು ಎಂದು ಅವರು. ಗಾಳಿಗೆ ಅಲುಗಿತು ಎಂದು ಊರು. "ಎತ್ತು ಯಾವ ದಿಕ್ಕಿಗೆ ಹೊಂಟೈತ್ರಿ?" ಎಂದು ಕೇಳುವವರು ಬೇರೆ!

ಮಾಮಾ ನನ್ನ ಕಡೆ ತಿರುಗಿದರು. "ಅಳಿಯಾ, ಮೇವಿನ್ಯಾಗ ತಂತಿ, ಮೊಳಿ ಏನರ ಇತ್ತೇನು?"

"ಇಲ್ರಿ ಮಾಮಾ."

ಎರಡೇ ಮಾತು. ಅವು ಇಂದಿಗೂ ಕಿವಿಯಲ್ಲಿವೆ.

ದನದ ಡಾಕ್ಟರು ಲಸಿಕೆ ಹಾಕಲು ಮುದ್ದೇಬಿಹಾಳದ ಕಡೆ ಹೋಗಿದ್ದರು. ಮಾಮಾ ತಾವೇ ತೀರ್ಮಾನ ಮಾಡಿದರು. "ಕಬ್ಬಿಣ ಇರೋ ಚೀಲದಿಂದ ನಾಕು ಬೊಟ್ಟು ಮುಂದ ಹೃದಯ ಐತಿ. ಎತ್ತು ಜಗ್ಗಿದಾಗೆಲ್ಲ ಹೊಟ್ಟಿ ಸ್ನಾಯು ಬಿಗೀತಾವ, ಬಿಗಿದಾಗೆಲ್ಲ ಅದು ಮುಂದ ಸರೀತೈತಿ. ಇವಗ ನೊಗ ಇಟ್ರ ನೀವ ಕೊಂದಂಗ." ಬಿತ್ತನೆಯ ಕಾಲ! ಅಪ್ಪ ಬೈದುಕೊಳ್ಳುತ್ತಲೇ ಬೇರೆಯವರ ಎತ್ತು ಕೇಳಿ ತಂದರು. ಮಾಮಾ ಕಲ್ಲು ಮಣ್ಣಿನ ಕಟ್ಟೆ ಮಾಡಿ ಬಿಳಿಯಾನ ಮುಂಗಾಲುಗಳನ್ನು ಅದರ ಮೇಲೆ ನಿಲ್ಲಿಸಿದರು, ಕಬ್ಬಿಣ ಹಿಂದಕ್ಕೆ ಜಾರಲೆಂದು. ಚುನಾವಣೆಯ ಭಾಷಣಕ್ಕೆ ನಿಂತವನಂತೆ ಬಿಳಿಯಾ ಹಗಲೆಲ್ಲ ವೇದಿಕೆಯ ಮೇಲೆ! ಹೋಗಿ ಬರುವವರೆಲ್ಲ ಕೈ ಮುಗಿದು, "ಯಾವ ಪಾರ್ಟಿರೀ?" ಎನ್ನುತ್ತಿದ್ದರು.

ಆಮೇಲೆ ಮಾಮಾ ತಮ್ಮ ಸೈಕಲ್ಲಿನ ಡೈನಮೊ ಬಿಚ್ಚಿ, ಒಳಗಿನ ಆಯಸ್ಕಾಂತ ತೆಗೆದರು. ಅದು ಹೊಟ್ಟೆಗೆ ಇಳಿದರೆ ಕಬ್ಬಿಣವನ್ನು ಹಿಡಿದುಕೊಂಡು ಒಂದೇ ಕಡೆ ಕೂರುತ್ತದಂತೆ.

"ಗೊಟ್ಟ ತಾ," ಎಂದರು.

ತಂದುಕೊಟ್ಟೆ. ಮಾಮಾ ಗೊಟ್ಟವನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕಿದರು. ತಳದಲ್ಲಿ ಹೊಸದಾಗಿ ಕೆರೆದ ಗೆರೆಗಳು. ಮೂಗಿಗೆ ಹಿಡಿದರು.

"ಎಣ್ಣಿ ವಾಸನಿ ಬರಾಕತ್ತೈತಿ."

"ಹಳೇದ್ರಿ ಮಾಮಾ."

"ತೊಳಕೊಂಡು ಬಾ," ಎಂದಷ್ಟೇ ಹೇಳಿದರು.

ಆಯಸ್ಕಾಂತ ಇಳಿಯಿತು. ಅಂದಿನಿಂದ ಮಾಮಾನ ಸೈಕಲ್ಲಿಗೆ ದೀಪವಿಲ್ಲ. ಒಂದು ಸಂಜೆ ಬಾಗೇವಾಡಿಯಲ್ಲಿ ಪೊಲೀಸಪ್ಪ ತಡೆದ.

"ಲೈಟು ಎಲ್ಲೈತ್ರಿ?"

"ಡೈನಮೊ ಎತ್ತಿನ ಹೊಟ್ಯಾಗ ಐತ್ರಿ."

"ಕುಡದೀರೇನು?"

"ನಾ ಕುಡದಿಲ್ರಿ. ಎತ್ತಿಗೆ ಕುಡಿಸೇನಿ!"

ಪೊಲೀಸಪ್ಪ ಕೈ ಮುಗಿದು ಬಿಟ್ಟುಬಿಟ್ಟನಂತೆ.

ಮೂರು ವಾರ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಾಲ್ಕನೆಯ ವಾರ ಬಿಳಿಯಾ ಕಟ್ಟೆಯಿಂದ ತಾನೇ ಇಳಿದು, ಬಾಲ ಎತ್ತಿ, ಅಪ್ಪನ ಹೆಗಲ ಮೇಲಿನ ಟವೆಲ್ಲು ಎಳೆದು ಅಗಿಯತೊಡಗಿದ. ನಾನು ಮೇವಿನ ಗೋದಲಿಯ ಮೇಲೆ ಕೂತು ಅತ್ತುಬಿಟ್ಟೆ. ಅತ್ತದ್ದು ಖುಷಿಗೆ ಎಂದು ಎಲ್ಲರೂ ತಿಳಿದರು. ಖುಷಿಯೂ ಇತ್ತು. ಕಾಟಾದ ಮುಳ್ಳು ಮೆಲ್ಲಗೆ ಹಳೆಯ ಜಾಗಕ್ಕೆ ಬಂತು. ಊರು ಮಾತ್ರ ಅವ್ವನ ಮೆಣಸಿನಕಾಯಿಯನ್ನು ಹೊಗಳಿತು! ಮಾಮಾಗೆ 'ಕಬ್ಬಿಣದ ಕಂಪೌಂಡರ್' ಎಂದು ಹೆಸರು ಬಿತ್ತು. ದವಾಖಾನೆಗೆ ಬರುವವರೂ, "ನಮ್ಮ ಎಮ್ಮಿ ಹೊಟ್ಯಾಗ ಏನೈತ್ರಿ, ತಾಮ್ರ ಏನು?" ಎಂದು ಕಾಡುತ್ತಿದ್ದರು. ಮಾಮಾ ನಗುತ್ತಿದ್ದರು, ಆದರೆ ಕಾಟಾ ಅಟ್ಟ ಸೇರಿತು. ಆ ಮೇಲೆ ಅವರು ಯಾವ ಎತ್ತನ್ನೂ ಅಳೆಯಲಿಲ್ಲ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಂದು ಹೇಳೋಣ, ನಾಳೆ ಹೇಳೋಣ ಎಂದು ಏಳು ವರ್ಷ ಕಳೆದೆ.

ಏಳು ವರ್ಷ ದುಡಿದು ಬಿಳಿಯಾ ವಯಸ್ಸಾಗಿ ಒಂದು ಬೆಳಿಗ್ಗೆ ಮಲಗಿದವನು ಏಳಲಿಲ್ಲ. ಹೊಲದಲ್ಲಿ ಗುಂಡಿ ತೋಡಿದೆವು. ಡಾಕ್ಟರೂ ಬಂದಿದ್ದರು, ಊರಿನವರೂ ಸೇರಿದ್ದರು. ಡಾಕ್ಟರು ಹೇಳಿದರು: "ಕಂಪೌಂಡರ, ನಿಮ್ಮ ಮಾತು ಖರೆ ಇದ್ದರೂ ಇರಬಹುದು. ಒಂದು ಕೊಯ್ತ ಸಾಕು, ಎಲ್ಲಾರ ಮುಂದ ಗೊತ್ತಾಗತೈತಿ." ಕಟ್ಟೆಯ ಹಿರಿಯರೂ, "ಹೌದೋ, ತಗದು ತೋರಿಸಿಬಿಡು. ನಮ್ಮ ಬಾಯಿ ಮುಚ್ಚತೈತಿ," ಎಂದರು. ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ತುದಿ ಬಾಗಿದ ಆ ದಬ್ಬಳ ಹೊರಬಂದರೆ ಅದು ಯಾರ ಮನೆಯದೆಂದು ಯಾರನ್ನೂ ಕೇಳಬೇಕಿರಲಿಲ್ಲ.

ನೂರು ಹೊಟ್ಟೆ ಕೊಯ್ದ ಮಾಮಾ ಚೂರಿ ಹಿಡಿದು ಬಿಳಿಯಾನ ಪಕ್ಕ ಕೂತರು. ಅವನ ತೊಡೆಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ತಲೆ ಎತ್ತಿ, ಜೀವಮಾನದಲ್ಲಿ ಮೊದಲ ಸಲ, ನನ್ನ ಮುಖ ನೋಡಿದರು.

"ಬ್ಯಾಡ್ರಿ," ಎಂದರು ಡಾಕ್ಟರಿಗೆ. "ಆವಾಗ ನಾನ ತಪ್ಪು ತಿಳಕೊಂಡಿದ್ನಿ. ದೃಷ್ಟೀನ ಆಗಿತ್ತು."

ಮಣ್ಣು ಎಳೆದೆವು. ಊರು ಕೊನೆಯ ಸಲ ನಕ್ಕಿತು.

ಮುಂದಿನ ಸಂತೆಯಿಂದ ಬಂದ ಮಾಮಾ ನಮ್ಮ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಜೇಬಿನಿಂದ ಕಾಗದ ಸುತ್ತಿದ ಹೊಸ ದಬ್ಬಳ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅವರ ಎರಡೂ ಕಾಲು ಹಿಡಿದುಕೊಂಡೆ.

"ಏಳೋ, ಏಳೋ," ಎಂದು ಎಬ್ಬಿಸಿ, ಹಳೆಯ ಚಾಳಿಯಂತೆ ನನ್ನ ಹೊಟ್ಟೆಯ ಕಡೆ ನೋಡಿ ಹೇಳಿದರು: "ಸಾಕು ಬಿಡು. ಇವತ್ತರ ಹೊಟ್ಟಿ ತುಂಬ ಉಣ್ಣು."

ಅಂದು ನಾನು ಐದು ರೊಟ್ಟಿ ಉಂಡೆ.