ಕೆಂಪಂಗಿಯ ಚಪ್ಪಾಳೆ

ಶನಿವಾರ ಬೆಳಗ್ಗೆ ಏಳು ಗಂಟೆಗೆ ಪೆಟ್ರೋಲ್ ಬಂಕಿನಲ್ಲಿ ಡೊರೀನಳ ಕಣ್ಣಿಗೆ ಒಂದು ಕೆಂಪಂಗಿ ಬಿತ್ತು. ಗ್ರೀಟಾಳ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಅಂಗಿಯ ಎದೆಯ ಮೇಲೆ ಬ್ರಾಂಟನ್ ಕಾಲೇಜಿನ ಲಾಂಛನವಾದ ಗೂಬೆಯ ಚಿತ್ರವಿತ್ತು. ಊರಿನ ಏಕೈಕ ಬ್ಯೂಟಿ ಪಾರ್ಲರಿನ ಒಡತಿ ಡೊರೀನ್ ಅದನ್ನು ಕಂಡವಳೇ ಕಾರನ್ನು ನೇರ, ಆ ದಿನದ ಪಂದ್ಯಕ್ಕೆ ಗ್ರೀಟಾ ಅಭ್ಯಾಸ ಮಾಡುತ್ತಿದ್ದ ಗಾಲ್ಫ್ ಮೈದಾನಕ್ಕೆ ಹೊಡೆದಳು.

"ಕೂಸೇ, ಬಂದ ಕಣೇ! ಬ್ರಾಂಟನ್ ಕೋಚು! ನಿನ್ನ ಆಟ ನೋಡಕ್ಕೇ ಬಂದಿರೋದು!"

ಗ್ರೀಟಾಳ ಕೈಯಲ್ಲಿದ್ದ ಚೆಂಡು ಕೆಳಗೆ ಬಿತ್ತು. ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ಗರಗಸದಲ್ಲಿ ಅರ್ಧ ಕೊಯ್ದುಕೊಟ್ಟ ಹಳೇ ಕೋಲು ಹಿಡಿದು ಆಟ ಕಲಿತವಳು ಆಕೆ. ಚಳಿಗಾಲದಲ್ಲಿ ಹಿಮ ಬಿದ್ದಾಗ ಕೊಟ್ಟಿಗೆಯೊಳಗೆ ಕಂಬಳಿ ತೂಗುಹಾಕಿ ಅದಕ್ಕೇ ಚೆಂಡು ಹೊಡೆಯುತ್ತಿದ್ದಳು. ಈಗ ಹದಿನೇಳು. ಕಾಲೇಜು ತಂಡದಲ್ಲಿ ಆಡಬೇಕೆನ್ನುವುದೊಂದೇ ಕನಸು. ಬ್ರಾಂಟನ್ನಿನ ಕೋಚ್ ಫೆಲ್ಟನ್ನರಿಗೆ ಹನ್ನೊಂದು ಪತ್ರ ಬರೆದಿದ್ದಳು. ಬಂದದ್ದು ಒಂದೇ ಉತ್ತರ: 'ಅನುಕೂಲವಾದಾಗ ನೋಡೋಣ.'

"ಅನುಕೂಲ ಆಗಿರ್ಬೇಕು," ಎಂದಳು, ಚೆಂಡನ್ನು ಹೆಕ್ಕಿಕೊಂಡು.

"ಆದ್ರೆ ನೀನಾಗೇ ಹೋಗಿ ಮಾತಾಡಿಸ್ಬೇಡ. ಆಟ ಮುಗಿಯೋ ತನಕ ಕೋಚುಗಳು ಹುಡುಗ್ರ ಹತ್ರ ಮಾತಾಡೋ ಹಾಗಿಲ್ವಂತೆ, ಕಾನೂನು," ಎಂದ ಲೊವೆಲ್. ನಲವತ್ತು ವರ್ಷ ಶಾಲೆ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಬಸ್ಸಿಲ್ಲದ್ದರಿಂದ ಊರನ್ನೇ ಓಡಿಸುತ್ತಿದ್ದ.

ಮೊದಲ ಕುಳಿಗೆ ಹೊಡೆಯಲು ನಿಂತಾಗ ಗ್ರೀಟಾಳ ಕೈ ಬೆವೆತು ಬೆಣ್ಣೆಯಾಗಿತ್ತು. ಬೀಸಿದಳು. ಚೆಂಡು ಮೇಪಲ್ ಮರಕ್ಕೆ ಬಡಿದು, ದಾರಿ ತಪ್ಪಿದ ನೆಂಟನಂತೆ ವಾಪಸು ಬಂದು ಅವಳ ಬೆನ್ನ ಹಿಂದೆ ಬಿತ್ತು. ಪಂದ್ಯ ಶುರುಮಾಡಿಸಲು ಬಂದಿದ್ದ ವರ್ನಾ ಅತ್ತೆಯೂ ಸೇರಿ ನೋಡುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದರು.

ಪಟ್, ಪಟ್, ಪಟ್!

ಕೆಂಪಂಗಿ ಚಪ್ಪಾಳೆ ತಟ್ಟುತ್ತಿತ್ತು. "ಭೇಷ್!" ಎಂದೂ ಕೂಗಿತು.

ಗ್ರೀಟಾ ತಬ್ಬಿಬ್ಬಾದಳು. ಇದು ವ್ಯಂಗ್ಯವೇ? ಆತನ ಮುಖದಲ್ಲಿ ಭಕ್ತಿಯಲ್ಲದೆ ಬೇರೇನೂ ಕಾಣಲಿಲ್ಲ.

ಮೂರನೇ ಕುಳಿಯಲ್ಲಿ ಅವಳ ಕೈ ಕೂಡಿಬಂತು. ಚೆಂಡು ಹದ್ದಿನಂತೆ ಏರಿ, ಕುಳಿಯ ಬಾವುಟದಿಂದ ಎರಡಡಿ ದೂರದಲ್ಲಿ ಮೆಲ್ಲಗೆ ಇಳಿಯಿತು. ಗ್ರೀಟಾ ಆಸೆಯಿಂದ ತಿರುಗಿ ನೋಡಿದಳು. ಕೆಂಪಂಗಿ ಇತ್ತ ಬೆನ್ನು ಹಾಕಿ ಎತ್ತಲೋ ನೋಡುತ್ತಿತ್ತು.

"ಗೊತ್ತಾಯ್ತು ಬಿಡು!" ಲೊವೆಲ್ ತೊಡೆ ತಟ್ಟಿಕೊಂಡ. "ಒಳ್ಳೆ ಹೊಡೆತ ಯಾರು ಬೇಕಾದ್ರೂ ಹೊಡೀತಾರೆ. ಕೆಟ್ಟಾಗ ಮುಖ ಹೆಂಗಿಟ್ಕೋತಾಳೆ, ಹೆಂಗೆ ಏಳ್ತಾಳೆ, ಅದನ್ನ ನೋಡೋದು ಕಾಲೇಜಿನೋರು. ನಲವತ್ತು ವರ್ಷ ಬಸ್ಸಿನ ಕನ್ನಡೀಲಿ ಹುಡುಗ್ರ ಮುಖ ನೋಡಿರೋನು ನಾನು!"

"ಹುಚ್ಚು ಮಾತು ಆಡ್ಬೇಡಿ ತಾತ."

"ಹುಚ್ಚೋ ಬೆಪ್ಪೋ, ಮುಂದಿನದ್ರಲ್ಲಿ ಪರೀಕ್ಷೆ ಮಾಡಿ ನೋಡು," ಎಂದು ಡೊರೀನ್ ಕೂಡ ಕಡ್ಡಿ ಆಡಿಸಿದಳು.

ಪರೀಕ್ಷೆ ಮಾಡುವ ಮನಸ್ಸು ಗ್ರೀಟಾಳಿಗಿರಲಿಲ್ಲ. ಆದರೆ ಮಾತು ತಲೆಯೊಳಗೆ ನೊಣದಂತೆ ಗುಂಯ್‌ಗುಟ್ಟುತ್ತಿರುವಾಗ ಚೆಂಡು ನೆಟ್ಟಗೆ ಹೋಗುವುದುಂಟೇ? ನಾಲ್ಕನೆಯದು ಕೆರೆಗೆ ಬಿತ್ತು. ಪಂದ್ಯ ನಡೆಸುತ್ತಿದ್ದ, ಕ್ಲಬ್ಬಿನ ಅಧ್ಯಕ್ಷೆಯೂ ಆಗಿದ್ದ ವರ್ನಾ ಅತ್ತೆ, ನಿಯಮದ ಪ್ರಕಾರ ಮುಂದಿನ ಹೊಡೆತ ಎಲ್ಲಿಂದ ಎಂದು ತೋರಿಸಲು ಪುಟ್ಟ ಗಾಡಿಯಲ್ಲಿ ಧಾವಿಸಿ ಬಂದಳು. ಅವಳ ಹಿಂದೆಯೇ ಕೆಂಪಂಗಿಯೂ ಓಡಿಬಂದು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿತು.

ಇನ್ನು ಅನುಮಾನವೆಲ್ಲಿ? ಐದನೆಯದನ್ನು ಗ್ರೀಟಾ ಬೇಕೆಂದೇ ಮರಳುಗುಂಡಿಗೆ ಹಾಕಿದಳು; ಅತ್ತೆಯ ಗಾಡಿ ಬಂತು, ಹಿಂದೆಯೇ ಚಪ್ಪಾಳೆ. ಏಳನೆಯದನ್ನು ಬೇಲಿಯಾಚೆ ಮುಸುಕಿನ ಜೋಳದ ಹೊಲಕ್ಕೆ ಕಳಿಸಿ, ಊರಗಲದ ನಗು ಮುಖದಲ್ಲಿಟ್ಟುಕೊಂಡು ನಿಂತಳು. ಕೆಂಪಂಗಿ ಚಪ್ಪಾಳೆ ತಟ್ಟಿದ ರಭಸಕ್ಕೆ ಆತನ ಟೋಪಿಯೇ ಉದುರಿತು. ವರ್ನಾ ಅತ್ತೆ ಮಾತ್ರ ಹಣೆ ಒತ್ತಿಕೊಂಡು, "ಏನೇ ಬಂದಿದೆ ನಿಂಗೆ ಇವತ್ತು? ಜ್ವರಾನಾ?" ಎಂದಳು.

ಎಂದಿನಂತೆ ಎಂಬತ್ತು ಹೊಡೆತದೊಳಗೆ ಆಟ ಮುಗಿಸುವ ಹುಡುಗಿ ಹದಿನೆಂಟು ಕುಳಿ ಮುಗಿಸುವಾಗ ನೂರ ಹತ್ತೊಂಬತ್ತು ಹೊಡೆತ ಹೊಡೆದಿದ್ದಳು. ಕೊನೆಯ ಸ್ಥಾನ. ಆದರೂ ಮುಖದ ನಗು ಇಳಿದಿರಲಿಲ್ಲ, ಏಕೆಂದರೆ ಕೆಂಪಂಗಿ ಅವಳತ್ತಲೇ ಬರುತ್ತಿತ್ತು.

"ನಾನು ಫೆಲ್ಟನ್, ಬ್ರಾಂಟನ್ ಕಾಲೇಜಿಂದ. ಅಮ್ಮಾ ಗ್ರೀಟಾ, ನಿನ್ನ ಹತ್ರ ಒಂದು ಮಾತಿತ್ತು."

"ಹೇಳಿ ಸರ್! ನಾನು ತಯಾರಿದೀನಿ!"

ಫೆಲ್ಟನ್ ಟೋಪಿ ತೆಗೆದು ಹಿಂಡಿದರು. "ಹೋದ ಗುರುವಾರ ನಮ್ಮ ಕಾಲೇಜಲ್ಲಿ ಗಾಲ್ಫ್ ತಂಡಾನೇ ಮುಚ್ಬಿಟ್ರು. ನಂಗೆ ಕೆಲಸ ಇಲ್ಲ. ಇಲ್ಲಿ ಕಲಿಸೋರು ಬೇಕಾಗಿದಾರೆ ಅಂತ ಕೇಳ್ದೆ. ವರ್ನಾ ಮೇಡಂ ನಿನ್ನ ಸೋದರತ್ತೆ ಅಂತಲ್ಲ? ಅವರು ಹತ್ರ ಇದ್ದಾಗೆಲ್ಲ ನಿಂಗೆ ಚಪ್ಪಾಳೆ ತಟ್ಟಿದೀನಿ. ನನ್ನ ಪರವಾಗಿ ಒಂದು ಮಾತು ಹೇಳಮ್ಮ."

ಗ್ರೀಟಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಲೇಜು ಹೋಯಿತು, ಪಂದ್ಯವೂ ಹೋಯಿತು. ಇವರಾದರೂ ಇಲ್ಲಿ ಉಳಿದರೆ ತನಗೊಬ್ಬ ಗುರುವಾದರೂ ಸಿಕ್ಕಾರು ಎಂದುಕೊಂಡು ಅತ್ತೆಯ ಬಳಿಗೆ ಹೋದಳು.

ವರ್ನಾ ಅತ್ತೆ ಅಂಕಪಟ್ಟಿಯಿಂದ ತಲೆ ಎತ್ತಲಿಲ್ಲ. "ಆ ಮನುಷ್ಯನಿಗಾ? ಬೆಳಗ್ಗೆ ಕೆಲಸ ಕೊಡೋಣ ಅಂತಲೇ ಇದ್ದೆ ಕಣೇ. ಆದ್ರೆ ನಿನ್ನ ಒಂದೊಂದು ದರಿದ್ರ ಹೊಡೆತಕ್ಕೂ ಭೇಷ್ ಅಂತಾನಲ್ಲ! ಅಷ್ಟೂ ಗಾಲ್ಫ್ ಗೊತ್ತಿಲ್ದೋನನ್ನ ಮಕ್ಕಳಿಗೆ ಕಲಿಸಕ್ಕೆ ಹೆಂಗೆ ಇಟ್ಕೊಳ್ಳಲಿ? ಹೋಗು, ನೀನೇ ಹೇಳ್ಬಿಡು. ನಿನ್ನ ಕಂಡ್ರೆ ಅವನಿಗೆ ಇಷ್ಟ."

ಗ್ರೀಟಾ ಕಾಲೆಳೆಯುತ್ತ ಹೊರಬಂದಳು. ಬೆಂಚಿನ ಮೇಲೆ ಕಾದಿದ್ದ ಫೆಲ್ಟನ್ ಅವಳನ್ನು ಕಂಡದ್ದೇ ತಡ, ಎದ್ದು ನಿಂತು ಚಪ್ಪಾಳೆ ತಟ್ಟಿದರು.