ನಡುಗದ ಮುಳ್ಳು

ಬಸಂತರಾಯನ ನೌಕರಿ ಒಂದು ಮುಳ್ಳಿನ ಮೇಲೆ ನಿಂತಿತ್ತು. ಅದು ಕಾಂತಶಕ್ತಿ ಅಳೆಯುವ ಅವನ ಯಂತ್ರದ, ಅಂದರೆ ಕಾಂತಮಾಪಕದ ಮುಳ್ಳು. ಎಷ್ಟು ಸೂಕ್ಷ್ಮವೆಂದರೆ, ಬೆಂಗಳೂರಿನಲ್ಲಿ ಹೊರಗೆ ಸ್ಕೂಟರ್ ಹೋದರೂ ನಡುಗುತ್ತಿತ್ತು. ಯಂತ್ರದ ಜೀವವಿದ್ದದ್ದು ದ್ರವರೂಪದ ಹೀಲಿಯಂನ ವಿಪರೀತ ಚಳಿಯಲ್ಲಿ. ಕರೆಂಟು, ಕಬ್ಬಿಣಗಳ ಕಾಟವಿಲ್ಲದ ಕಡೆ ಮುಳ್ಳು ಎಷ್ಟು ಕಡಿಮೆ ನಡುಗುತ್ತದೆಂದು ಅಳೆದು ತಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ ಹೋಗು ಎಂದಿದ್ದರು ಸಾಹೇಬರು. ಹಾಗಾಗಿ ೧೯೭೫ರ ಒಂದು ಬೆಳಿಗ್ಗೆ ಅವನು ಇಂಗಳೇಶ್ವರವೆಂಬ ಹಳ್ಳಿಯಾಚೆ, ಕುರುಬರ ಬೀರಣ್ಣನ ಹೊಲದಲ್ಲಿ ಡೇರೆ ಹಾಕಿದ. ಹೀಲಿಯಂ ಸಂಜೆಯವರೆಗೆ ಸಾಕಾಗುವಷ್ಟಿತ್ತು.

ಮೊದಲು ಊರಿನ ಬಂದಗಿಸಾಬ ಸೈಕಲ್ ಮೇಲೆ ನೋಡಲು ಬಂದ. ಮುಳ್ಳು ಕುಣಿಯಿತು. ಬಸಂತರಾಯ ಕೈಮುಗಿದು ಅವನನ್ನು ಸಾಗಹಾಕಿದ. ಆತ ಹೋಗಿ ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಕೊಡಲಿ, ಗುದ್ದಲಿ ಹಿಡಿದವರೆಲ್ಲ ಹಾಗೆಯೇ ಬಂದರು. ಅವರನ್ನು ಕಳಿಸುವಷ್ಟರಲ್ಲಿ ಗಾಲಿಗೆ ಕಬ್ಬಿಣದ ಹಳಿ ಹಾಕಿದ ಚಕ್ಕಡಿಯೊಂದು ಹಾದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕಂಡರೆ ಅವನಿಗೆ ಹುಚ್ಚುನಾಯಿ ಕಂಡಷ್ಟು ಭಯ.

ಎಲ್ಲರೂ ಹೋದರು. ಆದರೂ ಗಾಳಿ ಬೀಸಿದಾಗಲೆಲ್ಲ ಮುಳ್ಳು ನಡುಗುತ್ತಿತ್ತು. ತಡಕಾಡಿ ತಡಕಾಡಿ ಇಳಿಹೊತ್ತಿಗೆ ಡೇರೆಯ ಹಿಂದೆ ಹೋದರೆ, ಹಗ್ಗಕ್ಕೆ ಒಂದು ಕುಡುಗೋಲು ತೂಗಾಡುತ್ತಿತ್ತು. ಕಟ್ಟಿದವಳು ಬೀರಣ್ಣನ ತಾಯಿ ಹುಚ್ಚವ್ವ.

"ಬಾಣಂತಿ ಬಾಜೂಕ ಕಬ್ಬಣ ಇಡಂಗಿಲ್ಲೇನ್ರಿ? ನಿಮ್ಮ ಯಂತ್ರ ಮುಂಜಾನಿಂದ ನಡಗಾಕತ್ತೈತಿ, ಪಾಪ. ಯಾರದೋ ಕಣ್ಣ ಬಿದ್ದೈತಿ," ಎಂದಳು.

ಅಳಬೇಕೋ ನಗಬೇಕೋ ತಿಳಿಯದೆ ಅವನು ಕುಡುಗೋಲು ಬಿಚ್ಚಿ ದೂರ ಇಟ್ಟು ಬಂದ. ಮುಳ್ಳು ನಿಂತಿತ್ತು! ಒಂದಿಷ್ಟೂ ಅಲುಗಾಟವಿಲ್ಲ. ಜಗತ್ತಿನಲ್ಲಿ ಯಾರೂ ಕಾಣದ ನಿಶ್ಚಲತೆ ತನ್ನದಾಯಿತೆಂದು ಬಸಂತರಾಯನ ಕಣ್ಣು ತುಂಬಿ ಬಂತು.

ಇನ್ನು ಯಂತ್ರದ ಸೂಕ್ಷ್ಮತೆಯೊಂದನ್ನು ಅಳೆದುಬಿಟ್ಟರೆ ಮುಗಿಯಿತು. ಅದಕ್ಕೆ ಚೂರು ಕಬ್ಬಿಣ ಹತ್ತಿರ ಬರಬೇಕು, ಮುಳ್ಳು ಅಲುಗಬೇಕು. ಕುಡುಗೋಲನ್ನೇ ತರಿಸಿದ. ಅಲುಗಲಿಲ್ಲ. ಬೀರಣ್ಣನ ಕೊಡಲಿ ಬೀಸಿದ. ಇಲ್ಲ. ದಿನವಿಡೀ ಅಟ್ಟಿದವರನ್ನೆಲ್ಲ ತಾನೇ ಓಡಿಹೋಗಿ ಕೈಹಿಡಿದು ಕರೆತಂದ. ಹೊತ್ತು ಮುಳುಗುವಾಗ ಸೈಕಲ್ಲು, ಗುದ್ದಲಿ, ಚಕ್ಕಡಿ, ಊರ ಕಬ್ಬಿಣವೆಲ್ಲ ಡೇರೆಯ ಸುತ್ತ ನೆರೆದಿತ್ತು. ಮುಳ್ಳು ಮಾತ್ರ ಮಿಸುಕಲಿಲ್ಲ.

ಕೊನೆಗೆ ಹೀಲಿಯಂ ಪಾತ್ರೆಯ ಮುಚ್ಚಳ ತೆಗೆದು ನೋಡಿದ. ಎಲ್ಲ ಆವಿಯಾಗಿ, ಒಳಗೆ ಒಂದು ಹನಿಯೂ ಇರಲಿಲ್ಲ. ಯಂತ್ರ ಯಾವಾಗಲೋ ಸತ್ತಿತ್ತು, ಸತ್ತದ್ದು ನಡುಗುವುದುಂಟೇ? ಬಸಂತರಾಯ ತಲೆಯ ಮೇಲೆ ಕೈಹೊತ್ತು ಕುಳಿತ.

ಹುಚ್ಚವ್ವ ಕಬ್ಬಿಣದ ರಾಶಿಯನ್ನೂ ಮುಳ್ಳನ್ನೂ ನೋಡಿ ಸಮಾಧಾನ ಹೇಳಿದಳು: "ಈಗ ನೋಡ್ರಿ, ಹೆಂಗ ಸುಮ್ಮನ ಆಗೈತಿ. ಮುಂಜಾನೇನ ಇಷ್ಟು ಕಬ್ಬಣ ಇಟ್ಟಿದ್ರ ನಿಮಗ ಈ ತ್ರಾಸ ಇರತಿದ್ದಿಲ್ಲ."